ಹಳೇ ಬೀದರ್, ಕಲಬುರಗಿ ಫೋಟೊ ಹುಡುಕೋರಿಗೆ

ಮ್ಯೂಸಿಯಂಗಳ ಆನ್‌ಲೈನ್ ಸಂಗ್ರಹದಾಗ 'ಕಲಬುರಗಿ' ಅಂತ ಹಾಕಿದ್ರ ಹಳೇ ಫೋಟೊ ಸಿಗೂದು ಕಷ್ಟ. ಆ ಹೆಸರು ಅಧಿಕೃತ ಆಗಿದ್ದೇ 2014ರಾಗ. ಇಂಗ್ಲಿಷ್ ಅಕ್ಷರದಾಗ ಗುಲ್ಬರ್ಗಾ, ಕುಲ್ಬರ್ಗಾ, ಹೈದರಾಬಾದ್ ಡೆಕ್ಕನ್ ಅಂತ ಹುಡುಕ್ರಿ. ಆಗ ಈ ಭಾಗ ಆಳ್ತಿದ್ದ ಹೈದರಾಬಾದ್ ನಿಜಾಮರ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ ಹೆಸರೂ ಹಾಕ್ರಿ. ಅವರ ಗಾಜಿನ ನೆಗೆಟಿವ್‌ಗಳು (ಫೋಟೊ ಮೂಡಿಸ್ತಿದ್ದ ಗಾಜಿನ ಫಲಕಗಳು) ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಾಗ ಅದಾವು.

ಗಾಜಿನ ನೆಗೆಟಿವ್ ಮಗ್ಗಲು ತಪ್ಪಿ ಸ್ಕ್ಯಾನ್ ಆದ್ರ ಎಡ-ಬಲ ಅದಲಿಬದಲಿ. ಬೀದರ್‌ನ ಗವಾನ್ ಮದರಸಾ ಇದ್ರ ಗುರುತು ಸುಲಭ: ಮುಂಭಾಗ ಎದುರಿಂದ ನೋಡಿದಾಗ ಉಳಿದ ಒಂದೇ ಮಿನಾರ್ ಬಲಕ್ಕಿರಬೇಕು. ಎಡಕ್ಕಿದ್ರ ಚಿತ್ರ ಉಲ್ಟಾ.

ಸಂಗ್ರಹದಾಗಿನ ಹಳೇ ಚಲನಚಿತ್ರಗಳ ಶೀರ್ಷಿಕೆಯಾಗ ಊರ ಹೆಸರು ಇರೂದು ಕಡಿಮಿ, ವಿವರಣೆ ಪೂರ್ತಿ ಓದ್ರಿ. ಚಿತ್ರದ ಜೊತಿ ಅಕ್ಸೆಶನ್ ನಂಬರ್ (ಮ್ಯೂಸಿಯಂ ಪ್ರತಿ ವಸ್ತುವಿಗೂ ಕೊಡೋ ದಾಖಲೆ ಸಂಖ್ಯೆ) ತಪ್ಪದೇ ಬರಕೊಳ್ರಿ. ದೊಡ್ಡ ಪ್ರತಿ ಕೇಳಾಕ ಅದೇ ಬೇಕು.