ಪಲ್ಲವಿ ತಿಂದ ಪ್ಯಾಡ್

ಒಂದು ರಾತ್ರಿ ಪಲ್ಲವಿಯ ಎರಡು ಸಾಲು ಟ್ಯೂನ್ ಸಮೇತ ತಾನಾಗಿಯೇ ಬಂತು. ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೂರಿಸೋಣ ಅಂತ ಕೀಬೋರ್ಡ್ ಮುಂದೆ ಕೂತೆ. ಹಿಂದೆ ಮೆತ್ತಗೆ ಒಂದು ಪ್ಯಾಡ್, ಅಂದರೆ ಎಳೆದು ನಿಲ್ಲುವ ಸೌಂಡ್, ಇದ್ದರೆ ಚೆನ್ನಾಗಿರುತ್ತೆ ಅನ್ನಿಸಿತು. ಸೌಂಡ್ ಹುಟ್ಟಿಸುವ ಸಿಂಥ್ ಸಾಫ್ಟ್‌ವೇರ್ ತೆರೆದು, ಕಂಪನಿಯವರು ಮೊದಲೇ ಮಾಡಿಟ್ಟ ಪ್ರೀಸೆಟ್ ಸೌಂಡ್‌ಗಳನ್ನು ಒಂದೊಂದೇ ಒತ್ತುತ್ತಾ ಹೋದೆ. ಇದು ಸ್ವಲ್ಪ ಚೂಪು, ಅದು ಸ್ವಲ್ಪ ಮಂಕು, ಇನ್ನೊಂದು ಚೆನ್ನಾಗಿದೆ ಆದರೆ ಬಾಲ ಉದ್ದ, ಕೀ ಬಿಟ್ಟ ಮೇಲೂ ಎಳೆಯುತ್ತೆ. ಎರಡೂವರೆ ಗಂಟೆ ಕಳೆದ ಮೇಲೆ ಕೈಯಲ್ಲಿ ಭರ್ಜರಿ ಪ್ಯಾಡ್ ಇತ್ತು, ಪಲ್ಲವಿ ಇರಲಿಲ್ಲ. ಮಾತುಗಳೇನೋ ನೆನಪಿದ್ದವು. ಎರಡನೇ ಸಾಲಿನ ಕೊನೆಯಲ್ಲಿ ಟ್ಯೂನ್ ಮೇಲೆ ಹೋಗುತ್ತಿತ್ತೋ ಕೆಳಗಿಳಿಯುತ್ತಿತ್ತೋ ಅನ್ನೋದೇ ಮರೆತುಹೋಗಿತ್ತು. ಅಷ್ಟು ಹೊತ್ತು ನೂರಾರು ಸೌಂಡ್ ಕೇಳಿದ ಕಿವಿಗೆ ಆ ಎರಡು ಸಾಲು ಎಲ್ಲಿ ಉಳಿಯಬೇಕು ಹೇಳಿ?

ಈಗ ಟ್ಯೂನ್ ಬಂದ ತಕ್ಷಣ ಮೊದಲು ಫೋನಿನಲ್ಲಿ ಗುನುಗಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಗಂಟಲು ಕಟ್ಟಿದ್ದರೂ ಸರಿ, ಪದ ಸಿಗದೆ ಬರೀ ‘ಲಾಲಾ’ ಆದರೂ ಸರಿ. ಆಮೇಲೆ ಕಾರ್ಡ್ಸ್ ಹುಡುಕುವುದು ಸಾದಾ ಪಿಯಾನೋ ಸೌಂಡಿನಲ್ಲಿ. ಪಿಯಾನೋ ಮೇಲೆ ವಿಶೇಷ ಪ್ರೀತಿ ಏನೂ ಇಲ್ಲ. ಅದು ಮೋಸ ಮಾಡಲ್ಲ, ಅಷ್ಟೇ. ಉದ್ದ ಬಾಲದ ಪ್ಯಾಡ್‌ನಲ್ಲಿ ಹಿಂದಿನ ಕಾರ್ಡ್ ಮುಂದಿನದರ ಮೇಲೆ ಹರಡಿಕೊಂಡು, ಹೊಂದದ ಎರಡು ಕಾರ್ಡ್‌ಗಳೂ ಮಧುರವಾಗಿಯೇ ಕೇಳಿಸುತ್ತವೆ. ಪಿಯಾನೋದಲ್ಲಿ ಹೊಂದದಿದ್ದರೆ ಅಲ್ಲೇ ಗೊತ್ತಾಗುತ್ತೆ. ನುಡಿಸಿದ್ದು ಮಿಡಿ ಆಗಿ, ಅಂದರೆ ಯಾವ ಕೀ ಯಾವಾಗ ಒತ್ತಿದೆ ಅನ್ನೋ ದಾಖಲೆಯಾಗಿ ಉಳಿದಿರುತ್ತದಲ್ಲ, ಸೌಂಡ್ ಯಾವಾಗ ಬೇಕಾದರೂ ಬದಲಾಯಿಸಬಹುದು.

ಪಿಯಾನೋ ಒಂದೇ ಸಾಲದಾದಾಗ ನನ್ನದೇ ಒಂದು ಫೋಲ್ಡರ್ ತೆರೆಯುತ್ತೇನೆ. ಅದರಲ್ಲಿರುವುದು 12 ಸೌಂಡ್ ಮಾತ್ರ. ಕಂಪನಿಗಳು ಪ್ರೀಸೆಟ್‌ಗೆ ಇಡುವ ಕವಿತೆಯಂಥ ಹೆಸರುಗಳನ್ನು ಕಿತ್ತುಹಾಕಿ, ಮಾಡುವ ಕೆಲಸದ ಮೇಲೆ ಹೆಸರಿಟ್ಟಿದ್ದೇನೆ: ‘ಬೇಸ್ ಗಿಡ್ಡ’, ‘ಬೇಸ್ ಜಾರು’, ‘ಪ್ಯಾಡ್ ಮಂಕು’, ‘ಲೀಡ್ ಕೊಳಲು’. ಬೇಸ್ ಅಂದರೆ ತಗ್ಗಿನ ಸ್ವರ, ಲೀಡ್ ಅಂದರೆ ಮುಂದೆ ನಿಂತು ಟ್ಯೂನ್ ನುಡಿಸುವ ಸೌಂಡ್. ಟ್ಯೂನ್ ಕಟ್ಟುವಾಗ ಈ ಫೋಲ್ಡರ್ ದಾಟಿ ಹೋಗುವುದಿಲ್ಲ. 12 ತುಂಬಾ ಕಮ್ಮಿ ಅನ್ನಿಸಬಹುದು. ಆದರೆ 1970ರ ಮಿನಿಮೂಗ್ ಸಿಂಥ್‌ಗೆ ನೆನಪಿನ ಶಕ್ತಿಯೇ ಇರಲಿಲ್ಲ. ಸಿಕ್ಕ ಸೌಂಡ್ ಮತ್ತೆ ಬೇಕೆಂದರೆ ನಾಬ್‌ಗಳು (ತಿರುಗಿಸುವ ಗುಂಡಿಗಳು) ಎಲ್ಲೆಲ್ಲಿದ್ದವು ಅಂತ ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕಿತ್ತು. 1978ರಲ್ಲಿ ಬಂದ ಪ್ರಾಫೆಟ್-5ರಲ್ಲಿ 40 ಸೌಂಡ್ ಉಳಿಸಿಡಬಹುದು ಅನ್ನೋದೇ ದೊಡ್ಡ ವಿಷಯ. 1983ರ ಯಮಹಾ ಡಿಎಕ್ಸ್7 ಒಳಗೆ ಇದ್ದದ್ದು 32. ನಾಬ್‌ಗಳಿಲ್ಲದೆ, ಚಿಕ್ಕ ಪರದೆ ನೋಡಿಕೊಂಡು ಗುಂಡಿ ಒತ್ತುತ್ತಾ ಸೌಂಡ್ ತಿದ್ದುವುದು ಎಷ್ಟು ತಲೆನೋವಾಗಿತ್ತೆಂದರೆ, ಬಹಳ ಜನ ಕಂಪನಿ ಕೊಟ್ಟ ಸೌಂಡನ್ನೇ ಬಳಸಿದರು. ಅದರ ಎಲೆಕ್ಟ್ರಿಕ್ ಪಿಯಾನೋ ಆ ಕಾಲದ ಎಷ್ಟೋ ಹಾಡುಗಳಲ್ಲಿ ಹಾಗೇ ಇದೆ. ಕೇಳುವವರು ಯಾರೂ ‘ಅಯ್ಯೋ, ಪ್ರೀಸೆಟ್ಟು’ ಅಂತ ಮುಖ ಸಿಂಡರಿಸಿಕೊಂಡು ಎದ್ದುಹೋಗಲಿಲ್ಲ.

ಪ್ರೀಸೆಟ್‌ಗಳದ್ದು ಇನ್ನೊಂದು ಚಾಳಿ ಇದೆ. ಒಂದೇ ಕೀ ಒತ್ತಿದರೂ ಸಿನಿಮಾ ಶುರುವಾದ ಹಾಗೆ ಕೇಳಬೇಕು ಅಂತ ಮಾಡಿರುತ್ತಾರೆ. ರಿವರ್ಬ್ (ದೊಡ್ಡ ಕೋಣೆಯ ಗುಂಗು), ಡಿಲೇ (ಪ್ರತಿಧ್ವನಿ), ಒಂದೇ ಸ್ವರವನ್ನು ಏಳು ಪದರವಾಗಿ ಎಡಕ್ಕೂ ಬಲಕ್ಕೂ ಹರಡಿದ ಯೂನಿಸನ್. ಒಂಟಿಯಾಗಿ ಕೇಳಿದಾಗ ಮೈ ಜುಮ್ ಅನ್ನುತ್ತೆ, ಹಾಡಿನೊಳಗೆ ಇಟ್ಟರೆ ಬೇರೆ ಯಾರಿಗೂ ಜಾಗ ಬಿಡಲ್ಲ. ಹಾಗಾಗಿ ಪ್ರೀಸೆಟ್ ತೆರೆದ ಕೂಡಲೇ ಎಫೆಕ್ಟ್ಸ್ ಪೂರ್ತಿ ಆಫ್ ಮಾಡಿಬಿಡುತ್ತೇನೆ. ಎರಡನ್ನು ಹೋಲಿಸುವಾಗ ವಾಲ್ಯೂಮ್ ಒಂದೇ ಮಟ್ಟಕ್ಕೆ ತರುತ್ತೇನೆ. ಸ್ವಲ್ಪ ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನೋದು ಕಿವಿಯ ಹುಟ್ಟುಗುಣ. ಕೇಳುವುದೂ ಒಂಟಿಯಾಗಿ ಅಲ್ಲ. ಗುನುಗಿದ ರೆಕಾರ್ಡಿಂಗ್ ಜೊತೆಗೇ ಕೇಳುತ್ತೇನೆ.

ತಿದ್ದುವುದು ಹೇಗೆ ಅಂತ ಒಂದು ಹಾಡಿನ ಕಥೆ ಹೇಳುತ್ತೇನೆ. ಚರಣದಲ್ಲಿ ಹಾಡುವ ದನಿ ಪ್ಯಾಡ್ ಒಳಗೆ ಮುಳುಗುತ್ತಿತ್ತು. ಮೊದಲಾಗಿದ್ದರೆ ಪ್ರೀಸೆಟ್ ಬದಲಾಯಿಸುತ್ತಿದ್ದೆ, ಮತ್ತೆ ಎರಡೂವರೆ ಗಂಟೆ ಹೋಗುತ್ತಿತ್ತು. ಈ ಸಲ ಅದೇ ಪ್ಯಾಡ್ ಇಟ್ಟುಕೊಂಡೆ. ಯೂನಿಸನ್ 7ರಿಂದ 2ಕ್ಕೆ ಇಳಿಸಿದೆ. ಚೂಪು ಅಂಶ ಕತ್ತರಿಸುವ ಫಿಲ್ಟರ್‌ನ ಕಟಾಫ್ (ಕತ್ತರಿಸಲು ಶುರುವಾಗುವ ಮಟ್ಟ) ನಿಧಾನಕ್ಕೆ ಇಳಿಸುತ್ತಾ ಹೋದೆ, ಹಾಡಿನ ‘ಸ’, ‘ಶ’ ಬಿಡಿಸಿ ಕೇಳಿಸುವ ತನಕ. ಅಲ್ಲಿ ನಿಲ್ಲಿಸಿದೆ. ಅಟ್ಯಾಕ್, ಅಂದರೆ ಸೌಂಡ್ ಪೂರ್ತಿ ಏರಲು ಹಿಡಿಯುವ ಸಮಯ, 5 ಮಿಲಿಸೆಕೆಂಡ್ ಇದ್ದದ್ದನ್ನು 80ಕ್ಕೆ ಏರಿಸಿದೆ. ಆಗ ಮಾತಿನ ಮೊದಲ ಅಕ್ಷರ ದಾಟಿದ ಮೇಲೆ ಪ್ಯಾಡ್ ಮೆಲ್ಲಗೆ ಒಳಗೆ ಬರುತ್ತೆ, ಅಕ್ಷರವನ್ನು ತುಳಿಯಲ್ಲ. ಕೀ ಬಿಟ್ಟ ಮೇಲೆ ಮೂರು ಸೆಕೆಂಡ್ ಎಳೆಯುತ್ತಿದ್ದ ರಿಲೀಸನ್ನು ಒಂದು ಸೆಕೆಂಡಿನೊಳಗೆ ತಂದೆ. ಎಲ್ಲಾ ಸೇರಿ ಹತ್ತು ನಿಮಿಷ.

ಆದರೂ ಕೆಳಗಡೆ ಏನೋ ಗೊಜಗೊಜ. ಇಕ್ಯೂ (ತಗ್ಗು, ಎತ್ತರದ ಧ್ವನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ಹಾಕಿ 200 ಹರ್ಟ್ಜ್ ಕೆಳಗಿನದ್ದನ್ನು ಕತ್ತರಿಸಿದೆ. ಸ್ವಲ್ಪ ಹಗುರಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ನೋಡಿದರೆ ಎಡಗೈಯ ಕಿರುಬೆರಳು ಒತ್ತುತ್ತಿದ್ದ ಸ್ವರವನ್ನೇ ಬೇಸ್ ಕೂಡ ನುಡಿಸುತ್ತಿತ್ತು. ಆ ಒಂದು ಸ್ವರ ತೆಗೆದೆ. ಇಡೀ ಚರಣಕ್ಕೆ ಉಸಿರು ಬಂತು! ಇಕ್ಯೂ ಕೂಡ ತೆಗೆದುಹಾಕಿದೆ, ಬೇಕಾಗಲಿಲ್ಲ. ಅವತ್ತಿನಿಂದ ನಾಬ್ ಮುಟ್ಟುವ ಮೊದಲು ಬೆರಳು ನೋಡಿಕೊಳ್ಳುತ್ತೇನೆ. ಲೀಡ್ ಕಿರುಚುತ್ತಿದೆಯಾ? ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ ನುಡಿಸಿ ನೋಡುತ್ತೇನೆ. ಪ್ಯಾಡ್ ದನಿಗೆ ಅಡ್ಡ ಬರುತ್ತಿದೆಯಾ? ಕಾರ್ಡ್ ತಿರುವಿ, ಅವೇ ಸ್ವರಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿ ನುಡಿಸುತ್ತೇನೆ. ಸೌಂಡ್ ಸರಿಯಿಲ್ಲ ಅಂದುಕೊಂಡದ್ದರಲ್ಲಿ ಅರ್ಧಕ್ಕರ್ಧ ಸ್ವರಗಳ ತಾಪತ್ರಯವೇ ಆಗಿತ್ತು.

ಇನ್ನೊಂದು ನಾಚಿಕೆಯ ವಿಷಯ. ಹಳೆಯ ಪ್ರಾಜೆಕ್ಟ್ ಫೈಲ್‌ಗಳನ್ನು ತೆರೆದು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಎರಡನೇ ಚರಣಕ್ಕೆ ಸಾಲು ಹೊಳೆಯದೆ ಇದ್ದಾಗಲೇ ನನಗೆ ‘ಬೇಸ್ ಯಾಕೋ ಸರಿಯಾಗಿಲ್ಲ’ ಅನ್ನಿಸುತ್ತಿತ್ತು. ನಾಬ್ ತಿರುಗಿಸುತ್ತಾ ಕೂತರೆ ಕೆಲಸ ಮಾಡಿದ ಹಾಗೂ ಆಗುತ್ತೆ, ಸಾಲು ಬರೆಯುವುದೂ ತಪ್ಪುತ್ತೆ. ಈಗ ಹಾಗನ್ನಿಸಿದಾಗ ಲ್ಯಾಪ್‌ಟಾಪ್ ಮುಚ್ಚಿ, ನೋಟ್‌ಬುಕ್ ಹಿಡಿದು ಬೇರೆ ಕಡೆ ಹೋಗಿ ಕೂರುತ್ತೇನೆ. ಸಾಲು ಬಂದ ಮೇಲೆ ವಾಪಸ್ ಬಂದರೆ ಬೇಸ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತೆ.

ನಾಬ್ ತಿರುಗಿಸುವ ಆಸೆ ನನಗೇನೂ ಕಮ್ಮಿ ಇಲ್ಲ. ಅದಕ್ಕೆ ಬೇರೆ ದಿನ ಇಟ್ಟಿದ್ದೇನೆ. ಟ್ಯೂನ್ ಏನೂ ಇಲ್ಲದ ದಿನ ವೈಟಲ್ ಅಥವಾ ಸರ್ಜ್ ಎಕ್ಸ್‌ಟಿ ಅನ್ನೋ ಸಿಂಥ್ ಸಾಫ್ಟ್‌ವೇರ್ ತೆರೆಯುತ್ತೇನೆ. ಮೊದಲನೆಯದಕ್ಕೆ ಉಚಿತ ಆವೃತ್ತಿ ಇದೆ, ಎರಡನೆಯದು ಪೂರ್ತಿ ಉಚಿತ. ಏನೂ ಸೆಟ್ ಮಾಡದ ಖಾಲಿ ಪ್ಯಾಚ್‌ನಿಂದ ಶುರು, ಅಲೆ ಹುಟ್ಟಿಸುವ ಒಂದು ಆಸಿಲೇಟರ್, ಒಂದು ಫಿಲ್ಟರ್. ಗರಗಸದ ಹಲ್ಲಿನಂಥ ಸಾ (saw) ಅಲೆಯಲ್ಲಿ ಎಲ್ಲಾ ಹಾರ್ಮೋನಿಕ್‌ಗಳೂ (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು) ಇರುತ್ತವೆ, ಅದಕ್ಕೇ ತುಂಬಿಕೊಂಡಂತೆ ಕೇಳುತ್ತೆ. ಚೌಕಾಕಾರದ ಸ್ಕ್ವೇರ್ ಅಲೆಯಲ್ಲಿ ಬೆಸ ಸಂಖ್ಯೆಯವು ಮಾತ್ರ, ಅದಕ್ಕೇ ಒಂಥರಾ ಟೊಳ್ಳು. ಇದಿಷ್ಟು ಕಿವಿಗೆ ರೂಢಿಯಾದರೆ ಬೇಕಾದ ಸೌಂಡಿಗೆ ಎಲ್ಲಿಂದ ಹೊರಡಬೇಕು ಅಂತ ಗೊತ್ತಾಗುತ್ತೆ. ಅವತ್ತು ಮಾಡಿದ್ದರಲ್ಲಿ ಒಂದು ಚೆನ್ನಾಗಿದ್ದರೆ ಫೋಲ್ಡರ್ ಒಳಗೆ ಬರುತ್ತೆ, ಹಳೆಯದೊಂದು ಹೊರಗೆ ಹೋಗುತ್ತೆ. ಲೆಕ್ಕ 12 ದಾಟಬಾರದು.

ಸೌಂಡೇ ಹಾಡನ್ನು ಹುಟ್ಟಿಸುವುದೂ ಉಂಟು. ‘ಬೇಸ್ ಜಾರು’ ಹಾಗೆ ಬಂದದ್ದು. ಗ್ಲೈಡ್ ಆನ್ ಮಾಡಿ ಸುಮ್ನೆ ಆಡುತ್ತಿದ್ದೆ. ಒಂದು ಸ್ವರ ಇನ್ನೊಂದಕ್ಕೆ ಜಾರುವಾಗ ಅದೇ ಪಲ್ಲವಿಯ ಎಳೆತ ಆಗಿಬಿಟ್ಟಿತು. ಪಿಯಾನೋದಲ್ಲಿ ಆ ಟ್ಯೂನ್ ಸಪ್ಪೆ. ಇಂಥ ಸೌಂಡ್ ಸಿಕ್ಕರೆ ತಕ್ಷಣ ಆಡಿಯೋ ಆಗಿ ಬೌನ್ಸ್ ಮಾಡಿ, ಅಂದರೆ ಆ ಸೌಂಡನ್ನೇ ರೆಕಾರ್ಡಿಂಗ್ ಆಗಿ ಉಳಿಸಿ, ಸಿಂಥ್ ಇರುವ ಟ್ರ್ಯಾಕನ್ನು ಆಫ್ ಮಾಡಿಬಿಡುತ್ತೇನೆ. ಮಿಡಿ ಕೈಗೆ ಸಿಕ್ಕುವಂತಿದ್ದರೆ ನಾಳೆ ಬೆಳಗ್ಗೆ ನಾನೇ ಅದನ್ನು ಹಾಳು ಮಾಡುತ್ತೇನೆ, ನನ್ನ ಬಗ್ಗೆ ನನಗೆ ಗೊತ್ತು.

ಆ ರಾತ್ರಿಯ ಪ್ಯಾಡ್ ಇನ್ನೂ ಡಿಸ್ಕ್‌ನಲ್ಲಿದೆ. ‘ಪಲ್ಲವಿ ತಿಂದ ಪ್ಯಾಡ್’ ಅಂತಲೇ ಹೆಸರಿಟ್ಟಿದ್ದೇನೆ. ಆಗಾಗ ತೆರೆದು ನುಡಿಸುತ್ತೇನೆ, ನಿಜಕ್ಕೂ ಚೆನ್ನಾಗಿದೆ. ಇಲ್ಲಿಯವರೆಗೆ ಯಾವ ಹಾಡಿಗೂ ಹೊಂದಿಲ್ಲ.