ಗೋಡೆಯ ನಸರಿ ಜೇನನ್ನು ಪೆಟ್ಟಿಗೆಗೆ ತರುವುದು

ಅರಸೀಕೆರೆ, ಕಡೂರು ಕಡೆಯ ಹಳೇ ಮಣ್ಣಿನ ಗೋಡೆಗಳಲ್ಲಿ ನಸರಿ ಜೇನು (ಕೆಲವೆಡೆ ಮಿಸರಿ, ಮುಜಂಟಿ) ಗೂಡು ಕಟ್ಟುತ್ತದೆ. ಹುಳು ನಾಲ್ಕು ಮಿಲಿಮೀಟರ್ ದಾಟದು, ಚುಚ್ಚುವುದಿಲ್ಲ. ಗೋಡೆಯಿಂದ ಹೊರಚಾಚಿದ ಅಂಟಿನ ಕೊಳವೆಯೇ ಬಾಗಿಲು. ಗೋಡೆ ಕೆಡವುವುದಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಒಡೆಯಬೇಡಿ. ಗೂಡಿನೊಳಗಿನ ಜೇನುತುಪ್ಪದ ಕುಡಿಕೆ ಒಡೆದು ಸೋರಿದರೆ ಇರುವೆ, ಸಣ್ಣ ನೊಣ ಮುತ್ತುತ್ತವೆ. ಮೊಟ್ಟೆಯಿಡುವ ರಾಣಿ ಹೊಟ್ಟೆಭಾರಕ್ಕೆ ಹಾರಲಾರದೆ ಮಣ್ಣಿನಡಿ ಸಿಕ್ಕಿ ಸಾಯುತ್ತದೆ.

ಗೋಡೆಯ ಗೂಡಿಗೂ ಪೆಟ್ಟಿಗೆಗೂ ನಡುವೆ ಪೈಪು ಜೋಡಿಸಿ ಹುಳುಗಳನ್ನು ಪೆಟ್ಟಿಗೆಯ ಮೂಲಕವೇ ಓಡಾಡಿಸುವುದು ನಿಧಾನ, ಆದರೆ ಗೂಡು ಉಳಿಯುತ್ತದೆ. ಒಳಗಡೆ 30 ಸೆಂ.ಮೀ. ಉದ್ದ, 10 ಅಗಲ, 10 ಎತ್ತರ ಬರುವಂತೆ ಪೆಟ್ಟಿಗೆ ಮಾಡಿಸಿ. ಹಲಗೆ ಎರಡು ಸೆಂ.ಮೀ. ದಪ್ಪವಾದರೂ ಇರಲಿ, ತೆಳು ಪ್ಲೈವುಡ್ ನಮ್ಮ ಏಪ್ರಿಲ್ ಬಿಸಿಲು ತಡೆಯದು. ಒಳಗೆ ಪೇಂಟು ಬೇಡ. ಮುಚ್ಚಳದಡಿ ಒಂದು ಗಾಜು ಕೂರಿಸಿದರೆ ಕೆದಕದೆ ನೋಡಬಹುದು. ಹಿಂದೆ ಅರ್ಧ ಇಂಚಿನ ಪೈಪು ಹಿಡಿಸುವ ತೂತು, ಮುಂದೆ ಒಂದು ಸೆಂ.ಮೀ. ತೂತು.

ಮಳೆ ನಿಂತ ಮೇಲೆ, ಸಂಜೆ ಹುಳು ಒಳಸೇರಿದಾಗ ಅಂಟಿನ ಕೊಳವೆಯನ್ನು ಮುರಿಯದಂತೆ ಬಿಡಿಸಿ ಪೆಟ್ಟಿಗೆಯ ಮುಂದಿನ ತೂತಿಗೆ ಮೆತ್ತಿ. ಅದರ ವಾಸನೆ ಹಿಡಿದು ಅವು ಬಾಗಿಲು ಗುರುತಿಸುತ್ತವೆ. ಬಳಿಕ ಒಂದೂವರೆ ಅಡಿ ಪೈಪನ್ನು ಗೋಡೆಯ ತೂತಿಗೆ ಸೇರಿಸಿ ಸಂದು ಮುಚ್ಚಿ. ಬರೀ ಜೇಡಿಮಣ್ಣು ಒಣಗಿ ಬಿರಿಯುತ್ತದೆ, ಸಗಣಿ ಕಲಸಿಕೊಳ್ಳಿ. ಹೆಚ್ಚಿನವರು ಸೋಲುವುದು ಇಲ್ಲೇ: ಪಕ್ಕದಲ್ಲಿ ಕೂದಲೆಳೆಯ ಬಿರುಕಿದ್ದರೂ ಅದನ್ನೇ ಕೊರೆದು ಹೊಸ ಬಾಗಿಲು ಮಾಡಿಕೊಳ್ಳುತ್ತವೆ. ಒಂದು ವಾರ ಬೆಳಗ್ಗೆ ಗೋಡೆ ನೋಡಿ, ಹುಳು ಹೊರಬಂದ ಕಡೆಯೆಲ್ಲ ಮೆತ್ತಿ. ಪೆಟ್ಟಿಗೆ ನೆರಳಲ್ಲಿರಲಿ, ಸ್ಟ್ಯಾಂಡಿನ ಕಾಲಿಗೆ ಗ್ರೀಸ್ ಹಚ್ಚಿ.

ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಮೊದಲು ಅಂಟಿನ ಗುಡ್ಡೆ, ನಂತರ ಕುಡಿಕೆಗಳು, ಕೊನೆಗೆ ಬಿಳಿಜೋಳದ ಕಾಳಿನ ಗಾತ್ರದ ಮರಿಕೋಶಗಳ ಗೊಂಚಲು ಕಾಣುತ್ತದೆ. ಕೆಲವು ಗೂಡುಗಳು ಪೆಟ್ಟಿಗೆಯನ್ನು ಬರೀ ತುಪ್ಪದ ಉಗ್ರಾಣ ಮಾಡಿಕೊಳ್ಳುತ್ತವೆ. ಹಾಗಾದರೆ ಬೇರೆ ಪೆಟ್ಟಿಗೆಯಿಂದ ಒಂದು ರಾಣಿಕೋಶವಿರುವ (ಹೊಸ ರಾಣಿ ಬೆಳೆಯುವ ಕೋಶ) ಮರಿಗೊಂಚಲು ತಂದಿಡಿ. ರಾಣಿಕೋಶ ಉಳಿದವಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು.

ಹೊಸ ಮರಿಕೋಶ ಒಂದೇ ಸಮ ಹೆಚ್ಚುತ್ತಿದ್ದರೆ ರಾಣಿ ನೆಲೆಯಾಗಿದೆ ಎಂದರ್ಥ. ಆಗ ರಾತ್ರಿ ಪೈಪು ಕಿತ್ತು ಹಿಂದಿನ ತೂತು ಮುಚ್ಚಿ, ಪೆಟ್ಟಿಗೆಯನ್ನು ಒಂದು ಕಿಲೋಮೀಟರಿನಾಚೆಯ ತೆಂಗಿನ ತೋಟಕ್ಕೆ ಒಯ್ಯಿರಿ. ಹತ್ತಿರವೇ ಇಟ್ಟರೆ ಮೇಯಲು ಹೋದವು ಹಳೇ ಗೋಡೆಗೇ ಮರಳುತ್ತವೆ. ಮೊದಲ ವರ್ಷ ತುಪ್ಪ ಮುಟ್ಟಬೇಡಿ.