ಗಡ್ಡೆ ಸ್ಯಾಂಪಲ್‌ನಲ್ಲಿ ಜಿಎಪಿಡಿಎಚ್ ಕೈಕೊಟ್ಟಾಗ

ಹಾಸನದ ನಮ್ಮ ಲ್ಯಾಬಿನಲ್ಲಿ ಸ್ತನ ಕ್ಯಾನ್ಸರ್ ಗಡ್ಡೆಗಳ ಮೇಲೆ ಕ್ಯೂಪಿಸಿಆರ್ (ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವ ಪರೀಕ್ಷೆ) ಮಾಡುತ್ತಿದ್ದೆ. ರೆಫರೆನ್ಸ್ ಜೀನ್ (ಎಲ್ಲ ಸ್ಯಾಂಪಲ್‌ನಲ್ಲೂ ಒಂದೇ ಮಟ್ಟದಲ್ಲಿರಬೇಕಾದ, ಹೋಲಿಕೆಗೆ ಆಧಾರವಾದ ಜೀನ್) ಆಗಿ ಇಟ್ಟಿದ್ದ ಜಿಎಪಿಡಿಎಚ್‌ನ ಸಿಟಿಯೇ (ಸಿಗ್ನಲ್ ಕಾಣಿಸಿಕೊಳ್ಳುವ ಸೈಕಲ್ ಸಂಖ್ಯೆ) ಗಡ್ಡೆಗೂ ಪಕ್ಕದ ಆರೋಗ್ಯವಂತ ಅಂಗಾಂಶಕ್ಕೂ 2 ಸೈಕಲ್ ವ್ಯತ್ಯಾಸ ತೋರಿಸುತ್ತಿತ್ತು, ಅಂದರೆ ಸುಮಾರು 4 ಪಟ್ಟು. ಅದು ಸಕ್ಕರೆ ಒಡೆಯುವ ಕಿಣ್ವದ ಜೀನ್, ಗಡ್ಡೆಯಲ್ಲಿ ಆ ಕೆಲಸವೇ ಜಾಸ್ತಿ ಅಲ್ವಾ.

ಆರ್‌ಎನ್‌ಎ ಹೊಸದಾಗಿ ತೆಗೆದೆ, ಉಳಿದ ಡಿಎನ್‌ಎ ಒಡೆಯಲು ಡಿಎನ್‌ಏಸ್ ಕಿಣ್ವ ಹಾಕಿದೆ, ಎಸಿಟಿಬಿ ಅನ್ನೋ ಇನ್ನೊಂದು ರೆಫರೆನ್ಸ್ ಜೀನ್‌ಗೆ ಬದಲಾಯಿಸಿದೆ. ಏನೂ ಆಗಲಿಲ್ಲ. ಇನ್ನೊಂದು ಆಯ್ಕೆಯಾದ 18ಎಸ್ (ರೈಬೋಸೋಮಿನ ಆರ್‌ಎನ್‌ಎ) ಸಿಟಿ ತೀರಾ ಬೇಗ ಬರುತ್ತದೆ, ಹೋಲಿಕೆಗೆ ಸುಮ್ನೆ ದಂಡ.

ಕೊನೆಗೆ 6 ಜೀನ್ ಒಟ್ಟಿಗೆ ಪರೀಕ್ಷಿಸಿದೆ: ಜಿಎಪಿಡಿಎಚ್, ಎಸಿಟಿಬಿ, ಟಿಬಿಪಿ, ಎಚ್‌ಪಿಆರ್‌ಟಿ1, ಜಿಯುಎಸ್‌ಬಿ, ಪಿಪಿಐಎ. ಮೊದಲು 10 ಪಟ್ಟಿನ 5 ಡೈಲ್ಯೂಷನ್ ಹಾಕಿ, ಪ್ರೈಮರ್ ಎಫಿಶಿಯೆನ್ಸಿ (ಪ್ರತಿ ಸೈಕಲ್‌ಗೂ ನಕಲು ಸರಿಯಾಗಿ ಎರಡು ಪಟ್ಟಾದರೆ 100%) 90ರಿಂದ 110%ರ ಒಳಗಿದೆಯಾ ನೋಡಿ. ಆಮೇಲೆ 10 ಜೋಡಿ ಸ್ಯಾಂಪಲ್ ಓಡಿಸಿ. ಸ್ಥಿರ ಜೀನ್ ಹುಡುಕುವ ಸಾಫ್ಟ್‌ವೇರ್ ಜೀನಾರ್ಮ್‌ಗೆ ಸಿಟಿಯನ್ನು ಹಾಗೇ ಕೊಡಬೇಡಿ, ನಾನು ಎರಡು ವಾರ ಇದೇ ತಪ್ಪು ಮಾಡಿದ್ದೆ. ಪ್ರತಿ ಜೀನ್‌ಗೂ ಅದರ ಅತಿ ಕಡಿಮೆ ಸಿಟಿಯಿಂದ ಪ್ರತಿ ಸ್ಯಾಂಪಲ್‌ನ ಸಿಟಿ ಕಳೆದು, ಬಂದದ್ದನ್ನು 2ರ ಮೇಲಿನ ಘಾತಾಂಕವಾಗಿಸಿ (ಎಫಿಶಿಯೆನ್ಸಿ 100% ಹತ್ತಿರವಿದ್ದರೆ), ಆ ಅಂಕಿ ಕೊಡಿ. ಅದು ಕೊಡುವ ಎಂ ಬೆಲೆ ಕಡಿಮೆ ಇದ್ದಷ್ಟೂ ಜೀನ್ ಸ್ಥಿರ. ವಿ2/3 (ಮೂರನೇ ಜೀನ್ ಸೇರಿಸಿದರೆ ಲೆಕ್ಕ ಎಷ್ಟು ಬದಲಾಗುತ್ತದೆ ಅನ್ನೋ ಅಂಕಿ) 0.15ಕ್ಕಿಂತ ಕಡಿಮೆ ಬಂದರೆ ಎರಡೇ ಜೀನ್ ಸಾಕು. ಒಟ್ಟಿಗೆ ಏರಿಳಿಯುವ ಜೀನ್‌ಗಳನ್ನು ಜೀನಾರ್ಮ್ ಸ್ಥಿರ ಅಂತ ತೋರಿಸಿಬಿಡುತ್ತದೆ, ಹಾಗಾಗಿ ನಾರ್ಮ್‌ಫೈಂಡರ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲೂ ಗಡ್ಡೆ 1, ಆರೋಗ್ಯವಂತ 2 ಅಂತ ಗುಂಪು ಕೊಟ್ಟು ನೋಡಿ.

ನನಗೆ ಎರಡರಲ್ಲೂ ಮೇಲೆ ಬಂದದ್ದು ಟಿಬಿಪಿ, ಎಚ್‌ಪಿಆರ್‌ಟಿ1. ಅಳೆಯಬೇಕಾದ ಜೀನ್‌ನ ಅಂಕಿಯನ್ನು ಅವೆರಡರ ಅಂಕಿಗಳ ಜಿಯೋಮೆಟ್ರಿಕ್ ಸರಾಸರಿಯಿಂದ (ಎರಡನ್ನೂ ಗುಣಿಸಿ ವರ್ಗಮೂಲ) ಭಾಗಿಸಿದ ಮೇಲೆ ಲೆಕ್ಕ ನಿಂತಿತು. ಬೇರೆ ಅಂಗಾಂಶವಾದರೆ ಮತ್ತೆ ಮೊದಲಿಂದ ಪರೀಕ್ಷಿಸಿ, ಈ ಜೋಡಿಯನ್ನೇ ಎತ್ತಿಕೊಳ್ಳಬೇಡಿ.